ಖಾಲಿ ಲಾಳಿಯ ಹೀರೊ

ಬೇಸಿಗೆಯ ದೊಡ್ಡ ಸಿನಿಮಾ ಬಂತೆಂದರೆ ರಬಕವಿಯ ನೇಕಾರರ ಓಣಿಯಲ್ಲಿ ಮೊದಲ ಆಟ ನೋಡುವ ಹಕ್ಕು ಸೋಮಲಿಂಗನದು. ಅವನು ಛಲೋ ಐತಿ ಅನ್ನುವವರೆಗೆ ಉಳಿದವರು ಟಿಕೆಟ್ ತೆಗೆಸುವುದಿಲ್ಲ. ಈ ಸಲ ಹೀರೊ ನೇಕಾರನಂತೆ ಎಂದು ಕೇಳಿ ಮಗ್ಗ ನಿಲ್ಲಿಸಿ ಹೋದವನು ಬೆಂಕಿಯಾಗಿ ಬಂದ.

“ಒಬ್ರೂ ಹೋಗಬ್ಯಾಡ್ರಿ,” ಎಂದು ಚಹಾದಂಗಡಿಯಲ್ಲೇ ತೀರ್ಪು ಕೊಟ್ಟ.

“ಯಾಕಲೇ, ಫೈಟ್ ಛಲೋ ಇಲ್ಲೇನು?” ಎಂದ ಪಕ್ಕದ ಮನೆಯ ರಾಚಪ್ಪ.

“ಫೈಟಿಗಿಷ್ಟು ಬೆಂಕಿ ಹಚ್ಚು. ಹ್ವಾದ ವರ್ಷದ ಹೀರೊ ಇಸ್ತ್ರಿ ಅಂಗಿ ಹಾಕ್ಕೊಂಡು ಕಬ್ಬು ಕಡದಾ, ಸುಮ್ನಿದ್ದೆ. ಈ ವರ್ಷದಾಂವ ಹಾಡಿನ ತುಂಬ ಸೀರಿ ನೇಯ್ತಾನ, ಲಾಳ್ಯಾಗ ನೂಲಿನ ಕಂಡಿಕೀನ ಇಲ್ಲ. ಗಾಳೀಲೆ ನೇಯ್ತಾನೇನು? ಮುನ್ನೂರು ಕೋಟಿ ಸುರದವರಿಗೆ ಒಂದು ಕಂಡಿಕಿ ಸಿಗಲಿಲ್ಲ. ನಮ್ಮವ್ವ ಲಾಳಿ ಹೊಡದು ಹೊಡದು ಹೆಗಲ ಕಳಕೊಂಡ್ಳು. ಇವರಿಗದು ಕುಣಿಯಾಕೊಂದು ಆಟಿಕಿ.”

ರಾಚಪ್ಪ ಚಹಾದ ಕಪ್ಪು ಕೆಳಗಿಟ್ಟು, “ಖರೇನ ಕಂಡಿಕಿ ಇರಲಿಲ್ಲೇನು? ನಿನಗ ಚಾಳೀಸು ಬಂದು ಕಣ್ಣು ಮಂಜಾಗ್ಯಾವ. ನಾವು ನೋಡಿ ಹೇಳ್ತೀವಿ ತಡಿ,” ಎಂದ.

ಸಂಜೆಯ ಆಟಕ್ಕೆ ಓಣಿಗೆ ಓಣಿಯೇ ಹೊರಟಿತು. ಯಾವ ಹಾಡಿನಲ್ಲಿ, ಯಾವ ಮಗ್ಗದಲ್ಲಿ ಎಂದು ತೋರಿಸುವವರು ಬೇಕಲ್ಲ. ಹಲ್ಲು ಕಡಿಯುತ್ತಲೇ ಸೋಮಲಿಂಗನೂ ಮತ್ತೊಂದು ಟಿಕೆಟ್ ತೆಗೆಸಿದ.