ಕರಿ ತಟ್ಟೆಯ ಹತ್ತು ಅಕ್ಕಿಕಾಳು

ಬೆಳಗ್ಗೆ ದೀಪ ಹಾಕುವ ಮುಂಚೆ ಅವಳು ಕರಿ ತಟ್ಟೆಯ ಮೇಲೆ ಹತ್ತು ಅಕ್ಕಿಕಾಳು ಚೆಲ್ಲಿ ಮಗಳ ಮುಂದಿಡುತ್ತಾಳೆ. ಜ್ವರ ಬರಲಿ, ಕೆಲಸಕ್ಕೆ ಹೊತ್ತಾಗಲಿ, ಇದು ತಪ್ಪಿದ್ದಿಲ್ಲ. ಕಿಟಕಿಯ ಮಸುಕು ಬೆಳಕಿನಲ್ಲಿ ಹನ್ನೊಂದರ ಹುಡುಗಿ ಕಣ್ಣಿನಿಂದಲೇ ಹುಡುಕಿ ಹೆಕ್ಕಬೇಕು, ತಡಕಾಡುವಂತಿಲ್ಲ. ಹೋದ ವರ್ಷ ಒಂಬತ್ತು ಸಿಗುತ್ತಿತ್ತು. ಈಗ ಆರು.

"ಇವತ್ತು ಕತ್ತಲೆ ಜಾಸ್ತಿ ಕಣಮ್ಮ."

"ಹೂಂ ಪುಟ್ಟಿ, ಮೋಡ ಇದೆ," ಎನ್ನುತ್ತಾಳೆ ತಾಯಿ. ಆಕಾಶ ನಿಚ್ಚಳವಾಗಿರುತ್ತದೆ.

ಹುಟ್ಟಿನಿಂದ ಬಂದ ದೋಷ. ಕಣ್ಣಿನ ಹಿಂದಿನ ಪರದೆ ಸೊರಗುತ್ತಿದೆ. ಕೆಟ್ಟ ಜೀನ್ ಯಾವುದೆಂದು ರಕ್ತಪರೀಕ್ಷೆಯಲ್ಲಿ ಸಿಕ್ಕಿದೆ. ಸರಿಯಾದ ಜೀನನ್ನು ಪರದೆಯ ಕೆಳಗೆ ಸೂಜಿಯಲ್ಲಿ ಹಾಕುವ ಚಿಕಿತ್ಸೆಯೂ ಉಂಟು. ಆದರೆ ಅದು ಬದುಕಿರುವ ಕೋಶಗಳಿಗೆ ಮಾತ್ರ, ಸತ್ತವಕ್ಕಲ್ಲ. ಆಸ್ಪತ್ರೆಯ ಪಟ್ಟಿಯಲ್ಲಿ ಮಗಳ ಹೆಸರಿದೆ, ಸರದಿ ದೂರ.

ತಾಯಿಯ ಕೆಲಸ ಮುಖದ ಕ್ರೀಮಿನ ಕಾರ್ಖಾನೆಯಲ್ಲಿ. ಅಕ್ಕಿ ನೆನೆಸಿ, ತೊಳೆದ ನೀರನ್ನು ಎರಡು ದಿನ ಹುಳಿ ಬರಿಸಿ ಸೋಸಬೇಕು. ಮನೆಗಳಲ್ಲಿ ಅಕ್ಕಚ್ಚು ಎಂದು ದನಕ್ಕೆ ಹೊಯ್ಯುವ ನೀರು ಇಲ್ಲಿ ಗಾಜಿನ ಕುಪ್ಪಿ ಹೊಕ್ಕು 'ಯೌವನ ಬಿಂದು' ಆಗಿತ್ತು. ಜೊತೆಯವರಿಗೆ ಅವಳು ಅಕ್ಕಚ್ಚಕ್ಕ. ಹುಳಿ ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಮೀಟರಿಗಿಂತ ಮೊದಲು ಅವಳ ಮೂಗು ಹೇಳುತ್ತಿತ್ತು. ಆ ನೀರಿಗೆ ಚರ್ಮ ಮೆತ್ತಗಾಗುವುದು ನಿಜ, ಅವಳ ಕೈಗಳೇ ಸಾಕ್ಷಿ. ಅಷ್ಟಕ್ಕೇ ನಿಂತಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ.

ಯಜಮಾನಿ ನಿಲ್ಲುವ ಹೆಂಗಸಲ್ಲ. ಒಂದು ಪಾವು ಅಕ್ಕಿ ತೊಳೆದು ಗೊತ್ತಿಲ್ಲದವಳು, ಕ್ಯಾಮೆರಾ ಕಂಡರೆ "ಇದು ನಮ್ಮಜ್ಜಿಯ ಗುಟ್ಟು" ಎಂದು ಒಣಗಣ್ಣು ಒರೆಸಿಕೊಳ್ಳುತ್ತಿದ್ದಳು. ಕಣ್ಣಿನ ಸುತ್ತ ಹಚ್ಚುವ ಕ್ರೀಮು ಬಂದಾಗ ಡಬ್ಬಿಯ ಮೇಲೆ 'ಕಣ್ಣಿಗೆ ಹೊಸ ಬೆಳಕು' ಎಂದು ಬರೆಸಿದಳು. ಅದನ್ನು ಓದಿಸಿಕೊಂಡು ಕೇಳಿದ ಮುದುಕನೊಬ್ಬ ಕೋಲೂರಿಕೊಂಡು ಕಾರ್ಖಾನೆಯ ಅಂಗಡಿಗೆ ಬಂದ.

"ಹಚ್ಚಿದ್ರೆ ಕಾಣುತ್ತೇನಮ್ಮ?"

"ನಂಬಿ ಹಚ್ಚಿ ತಾತ," ಎಂದಳು ಯಜಮಾನಿ, ನಾಲಿಗೆ ತಡವರಿಸದೆ.

ಆತ ಡಾಕ್ಟರು ಕೊಟ್ಟ ಕಣ್ಣಿನ ಹನಿ ನಿಲ್ಲಿಸಿ ಮೂರು ಡಬ್ಬಿ ಖಾಲಿ ಮಾಡಿದ. ನಾಲ್ಕನೆಯದಕ್ಕೆ ಬಂದಾಗ ಬಾಗಿಲೆಲ್ಲಿ ಎಂದು ಗೋಡೆ ಸವರುತ್ತಿದ್ದ. ಕೈ ಹಿಡಿದು ಆಸ್ಪತ್ರೆಯ ಬಸ್ಸು ಹತ್ತಿಸಿದವಳು ಅಕ್ಕಚ್ಚಕ್ಕ.

ಅದಾದ ವಾರಕ್ಕೆ ಯಜಮಾನಿ ತನ್ನ ಕೋಣೆಗೆ ಕರೆದಳು. ಎಂದೂ ಇಲ್ಲದ ಕುರ್ಚಿಯ ಉಪಚಾರ.

"ನಿನ್ನ ಮಗಳ ವಿಷಯ ಕೇಳ್ದೆ ಕಣೆ. ಆ ಆಸ್ಪತ್ರೆ ದೊಡ್ಡ ಡಾಕ್ಟರು ನನ್ನ ಭಾವ. ಒಂದು ಫೋನು ಮಾಡಿದ್ರೆ ಮುಂದಿನ ತಿಂಗಳೇ ಸೂಜಿ."

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಆಮೇಲೆ ಮಗು ಕ್ಯಾಮೆರಾ ಮುಂದೆ ನಮ್ಮ ಡಬ್ಬಿ ಹಿಡ್ಕೊಂಡು 'ಇದ್ರಿಂದ ಕಣ್ಣು ಕಾಣ್ತು' ಅಂದ್ರೆ ಸಾಕು. ಸೂಜಿ ಮಾತು ಯಾರಿಗ್ಯಾಕೆ?"

"ಪಟ್ಟೀಲಿ ನಮಗಿಂತ ಮುಂದಿರೋ ಮಕ್ಕಳು, ಮೇಡಂ?"

"ಅಯ್ಯೋ, ಯಾರೋ ಏನೋ! ಊರಿನ ಚಿಂತೆ ನಿನಗ್ಯಾಕೆ?"

ಆರು ಕಾಳು ಕಣ್ಣಮುಂದೆ ಬಂದವು. ಅದರ ಬೆನ್ನಿಗೇ, ಗೋಡೆ ಸವರುತ್ತಿದ್ದ ಆ ಕೈ. ಮಗಳ ಮಾತು ನಂಬಿ ಇನ್ನೆಷ್ಟು ಜನ ಡಾಕ್ಟರ ಹನಿ ನಿಲ್ಲಿಸಿಯಾರು? ದೇವರೇ, ನನ್ನ ನಾಲಿಗೆ 'ಹೂಂ' ಎನ್ನದಂತೆ ನೋಡಿಕೋ ಎಂದುಕೊಂಡಳು.

"ಬೇಡ ಮೇಡಂ, ಫೋನು ಮಾಡ್ಬೇಡಿ. ನಮ್ಮ ಸರದಿ ನಾವು ಕಾಯ್ತೀವಿ," ಎಂದಳು. "ಮಾಡ್ಲೇಬೇಕು ಅನ್ನಿಸಿದ್ರೆ ಆ ತಾತನ ಕಣ್ಣಿಗೋಸ್ಕರ ಮಾಡಿ."