ಮೂರು ಚುಕ್ಕಿ, ಕೆಳಗೊಂದು ಗೀಟು

ಚಾಮರಾಜಪೇಟೆಯ ಐದನೇ ರಸ್ತೆಗೆಲ್ಲ ಬಟ್ಟೆ ಒಗೆಯುತ್ತಿದ್ದ ಮುನಿಲಕ್ಷ್ಮಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ ಅನ್ನಿ. ನಲವತ್ತೊಂದು ಮನೆ, ಮನೆಗೊಂದು ಗುರುತು. ಕೇರುಬೀಜದ ಕಪ್ಪು ರಸಕ್ಕೆ ಸೂಜಿ ಅದ್ದಿ ಕಾಲರಿನ ಒಳಗೆ ಇಟ್ಟರೆ, ಬಟ್ಟೆ ಹರಿದರೂ ಗುರುತು ಹೋಗದು. ವಿಶಾಲಮ್ಮನವರ ಮನೆ ಎಂದರೆ ಸಾಕು, ಎರಡು ಗೀಟು ಎಂದು ಥಟ್ಟನೆ ಹೇಳುವಳು. ಗುರುತು ತೋರಿಸಿ ಮನೆ ಕೇಳಿದರೆ ಮಾತ್ರ ತಡ. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಮೊದಲ ಮನೆಯಿಂದ ಒಂದೊಂದೇ ಬಾಗಿಲು ನೋಡಿಕೊಂಡು ಬರಬೇಕು. ಗುರುತು ಸಿಕ್ಕಿದ ಬಾಗಿಲಲ್ಲಿ ನಿಂತುಬಿಡುವಳು.

ಎಪ್ಪತ್ತಾರನೇ ಇಸವಿಯಲ್ಲಿ ಒಮ್ಮೆ ಗಂಡ ಆಂಜಿನಯ್ಯ ಜಗಳವಾಡಿ ಮನೆ ಬಿಟ್ಟ. ಮಾಮೂಲ್‌ಪೇಟೆಯ ಅಕ್ಕನ ಮನೆ ಸೇರಿರುತ್ತಾನೆ, ಅಲ್ಲಿನ ಊಟಕ್ಕೆ ನಾಲಿಗೆ ಕೆಟ್ಟರೆ ಬರುತ್ತಾನೆ ಎಂದು ಆಕೆ ಹುಡುಕಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಪೇದೆ ಚಲುವರಾಜು ಒದ್ದೆ ಶರಟೊಂದನ್ನು ತಂದು ಒಗೆಯುವ ಕಲ್ಲಿನ ಮೇಲೆ ಹಾಸಿದ. ಕೆಂಪಾಂಬುಧಿ ಕೆರೆಯಲ್ಲಿ ಹೆಣ ಸಿಕ್ಕಿತ್ತು; ಮುಖ ಗುರುತು ಹಿಡಿಯುವಂತಿರಲಿಲ್ಲ.

"ಯಾರ ಮನೇದು, ನೋಡಿ ಹೇಳಮ್ಮ."

ದಿನಕ್ಕೆ ನೂರು ಬಿಳಿ ಶರಟು ಒಗೆಯುವವಳಿಗೆ ಶರಟು ಕಣ್ಣಿಗೆ ಬೀಳುವುದಿಲ್ಲ, ಗುರುತಷ್ಟೇ. ಮೂರು ಚುಕ್ಕಿ, ಕೆಳಗೊಂದು ಗೀಟು. ಕಣ್ಣು ಮುಚ್ಚಿದಳು. ಹದಿನೇಳನೇ ಬಾಗಿಲು.

"ಶ್ರೀನಿವಾಸಯ್ಯ ಮೇಷ್ಟ್ರುದು."

ಅರ್ಧ ಗಂಟೆಗೆ ಪೇದೆ ತಿರುಗಿ ಬಂದ. "ಏನಮ್ಮ ನೀನು, ಮೇಷ್ಟ್ರು ಕಾಫಿ ಕುಡೀತಾ ಕೂತವ್ರೆ. ಮನೇಲಿ ಎಲ್ರೂ ಚೆನ್ನಾಗವ್ರೆ. ಅವರ ಹೆಂಗಸರು ಹೆದರಿ ಕುಸಿದ್ಬಿಟ್ರು. ಸರಿಯಾಗಿ ನೋಡು."

"ನನ್ ಗುರುತು ತಪ್ಪಲ್ಲ ಸ್ವಾಮಿ," ಎಂದು ಸಿಟ್ಟಿನಿಂದಲೇ ಮತ್ತೆ ಕಣ್ಣು ಮುಚ್ಚಿದಳು. ಈ ಸಲ ಹದಿನೇಳರಲ್ಲಿ ನಿಲ್ಲಲಿಲ್ಲ. ನಲವತ್ತೊಂದೂ ಮುಗಿಯಿತು, ಇನ್ನೆಲ್ಲೂ ಆ ಗುರುತಿಲ್ಲ. ರಸ್ತೆ ಮುಗಿದ ಮೇಲೆ ದಿನದಂತೆ ವಟಾರದ ಕಡೆ ತಿರುಗಿದಳು. ಅಲ್ಲಿ ತನ್ನದೇ ಬಾಗಿಲು. ತನ್ನ ಮನೆಯ ಬಟ್ಟೆಗೆ ಆಕೆ ಎಂದೂ ಗುರುತು ಇಟ್ಟವಳಲ್ಲ. ಆದರೆ ಕಳೆದ ದೀಪಾವಳಿಗೆ ಮೇಷ್ಟ್ರು ತಮ್ಮ ಹಳೇ ಶರಟು ಕೊಟ್ಟಿದ್ದರು, ಆಂಜಿನಯ್ಯನಿಗೆ ಎಂದು.

ಕಣ್ಣು ಬಿಟ್ಟಳು. ಅಳು ಬರಲಿಲ್ಲ, ಏನೂ ಬರಲಿಲ್ಲ. ಕೈ ಮಾತ್ರ ಕಾಲರಿನ ಕೆಸರು ಒರೆಸುತ್ತಿತ್ತು.

"ನಮ್ಮನೇದು," ಎಂದಳು. "ಮೇಷ್ಟ್ರ ಮನೇವ್ರಿಗೆ ಹೇಳ್ಬಿಡಿ, ಪಾಪ."

ಆಮೇಲೂ ಹನ್ನೆರಡು ವರ್ಷ ಅದೇ ರಸ್ತೆಗೆ ಒಗೆದಳು. ಯಾರಾದರೂ ಗುರುತು ತೋರಿಸಿದರೆ ಕಣ್ಣು ಮುಚ್ಚುವಳು. ಮನೆ ಸಿಕ್ಕಿದರೂ ನಿಲ್ಲದೆ ರಸ್ತೆಯ ಕೊನೆಗೆ ಹೋಗಿ, ವಟಾರಕ್ಕೆ ತಿರುಗಿ, ತನ್ನ ಬಾಗಿಲನ್ನೂ ನೋಡಿ, ಆಮೇಲೆ ಹೇಳುವಳು. ಕೇಳಿದವರು ಕಾಯುತ್ತಿದ್ದರು.