ಇಪ್ಪತ್ತೊಂದನೇ ಮುಕ್ಕಾಮು

ಹಸಿಯಾದ ಉಣ್ಣೆ ಮತ್ತು ಪೆಟ್ರೋಲು ಕೂಡಿದಾಗ ಒಂದು ವಾಸನೆ ಹುಟ್ಟುತ್ತದೆ. ಅದನ್ನು ಬಲ್ಲವರು ಈಗ ಬಹಳ ಜನ ಉಳಿದಿರಲಾರರು. ಕಳೆದ ಮಳೆಗಾಲದಲ್ಲಿ ಒಂದು ಪೆಟ್ರೋಲ್ ಪಂಪಿನ ಸೂರಿನ ಕೆಳಗೆ ಮಳೆ ನಿಲ್ಲಲೆಂದು ಕಾಯುತ್ತಿದ್ದಾಗ, ತೊಯ್ದ ಕಂಬಳಿ ಹೊದ್ದ ಮುದುಕನೊಬ್ಬ ಬಂದು ನನ್ನ ಪಕ್ಕಕ್ಕೆ ನಿಂತ. ಅಷ್ಟೇ ಸಾಕಾಯಿತು. ನಾನು ಮತ್ತೆ ನಮ್ಮೂರು ಸೊರಡಿಯಲ್ಲಿ, ಮಹಬೂಬ ಕಾಕಾನ ಜೀಪಿನ ಹಿಂಬದಿಯಲ್ಲಿ, ಆಯಿಯ ಮೊಣಕಾಲಿಗೆ ಒತ್ತಿಕೊಂಡು ಕುಳಿತಿದ್ದೆ. ಆಯಿ ಅಂದರೆ ನಮ್ಮ ಅಪ್ಪನ ತಾಯಿ. ಮಹಬೂಬ ಕಾಕಾ ನಮ್ಮ ತಾಲೂಕಿನ ಪೇಟೆ ಜತ್ತದ ಉಣ್ಣೆ ವ್ಯಾಪಾರಿ. ಸೊರಡಿ, ವಳಸಂಗ, ಬಿಳೂರದ ಕುರುಬರ ಮನೆಗಳಿಂದ ಉಣ್ಣೆ ಕೊಂಡು ಒಯ್ಯುತ್ತಿದ್ದವನು. ಮಿಲಿಟರಿಯವರು ಹರಾಜಿನಲ್ಲಿ ಬಿಟ್ಟ ಆ ಜೀಪು ವಾರವೆಲ್ಲ ಉಣ್ಣೆಯ ಚೀಲ ಹೊರುತ್ತಿತ್ತು. ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಹಾಗೆ ನೋಡಿದರೆ, ನಮ್ಮ ಮನೆಗೂ ಅದೇ ವಾಸನೆಯಿತ್ತು. ಆಯಿಯ ಗಂಡ, ನಮ್ಮ ಮುತ್ಯಾ, ತೀರಿದ ಮೇಲೆ ಕುರಿಗಳನ್ನು ಮಾರಿ ಹತ್ತು ವರ್ಷವಾಗಿದ್ದರೂ, ಹಟ್ಟಿಯ ಮೂಲೆಯಲ್ಲಿ ಪೇರಿಸಿಟ್ಟ ಕಂಬಳಿಗಳು ಮಳೆ ಬಂದಾಗಲೆಲ್ಲ ತಮ್ಮ ಹಳೆಯ ಉಸಿರು ಬಿಡುತ್ತಿದ್ದವು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಅಪ್ಪ ಜತ್ತದ ಕಚೇರಿಯಲ್ಲಿ ಕಾರಕೂನ. ದಿನಾ ಸೈಕಲ್ ಮೇಲೆ ಹೋಗಿ ಬರುತ್ತಿದ್ದ. ಬಿಳಿ ಅಂಗಿ, ಬಿಳಿ ಪಾಯಿಜಾಮ, ಜೇಬಿನಲ್ಲಿ ಮಸಿಪೆನ್ನು. ಅವನ ಕಚೇರಿಯ ಗೋಡೆಯ ಮೇಲೊಂದು ಕ್ಯಾಲೆಂಡರಿನಲ್ಲಿ ದಾಜಿಪುರದ ಕಾಡುಕೋಣದ ಚಿತ್ರವಿತ್ತಂತೆ. ಅದನ್ನು ನೋಡಿ ನೋಡಿ ಅವನಿಗೆ ಒಂದು ಹುಚ್ಚು ಹತ್ತಿತು. ದೀಪಾವಳಿ ರಜೆಯಲ್ಲಿ ನಮ್ಮನ್ನೆಲ್ಲ ಪಶ್ಚಿಮದ ಕಾಡಿಗೆ ಕರೆದೊಯ್ಯಬೇಕು. “ಗಿಡ ಅಂದ್ರ ಜಾಲಿ ಗಿಡ ಅಷ್ಟ ಅಂತ ತಿಳದಾವ ಈ ಹುಡುಗ್ರು,” ಎಂದು ಅವ್ವನ ಮುಂದೆ ಹೇಳಿದ್ದು ನನಗೆ ನೆನಪಿದೆ. ಮಹಬೂಬ ಕಾಕಾ ಜೀಪು ಕೊಡಲು ಒಪ್ಪಿದ, ತಾನೇ ನಡೆಸುತ್ತೇನೆಂದ. ಆದರೆ ಚೇಷ್ಟೆ ಬಿಡಲಿಲ್ಲ. “ಸಾಹೇಬ್ರ, ಎಮ್ಮಿ ನೋಡಾಕ ಇಷ್ಟು ದೂರ ಹೊಂಟೀರಿ? ನಮ್ಮ ಓಣಿಗೆ ಬರ್ರಿ, ಪುಕಟ್ ತೋರಸ್ತೀನಿ.”

ಹೊರಡುವ ಹಿಂದಿನ ಸಂಜೆ ಆಯಿ ತನ್ನ ಗಂಟು ತಂದು ಕಟ್ಟೆಯ ಮೇಲಿಟ್ಟಳು. ಯಾರೂ ಅವಳನ್ನು ಕರೆದಿರಲಿಲ್ಲ.

“ನಿನಗೇನೈತಬೇ ಅಲ್ಲಿ? ಬರೇ ಅಡವಿ,” ಎಂದ ಅಪ್ಪ.

“ನಿನಗ ಹಾಲ ಕುಡಿಸಿದಾಕಿ ಅದಾಳ ಅಲ್ಲಿ. ನೀ ಕ್ವಾಣಾ ನೋಡು. ನಾ ಜನಾಬಾಯಿನ್ನ ನೋಡ್ತೀನಿ. ಆಕಿ ನಿನ್ನ ನೋಡ್ಲಿ.”

ಅಪ್ಪ ಮುಖ ತಿರುಗಿಸಿಕೊಂಡು ಒಳಗೆ ಹೋದ. ಆ ಮಾತು ಅವನಿಗೆ ಸೇರುತ್ತಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಅವನು ಹುಟ್ಟಿದ್ದು ಸೊರಡಿಯಲ್ಲಲ್ಲ, ದಾರಿಯಲ್ಲಿ. ಸುಗ್ಗಿ ಮುಗಿಯುವ ಮೊದಲೇ ನಮ್ಮವರು ಕುರಿ ಹೊಡೆದುಕೊಂಡು ಪಶ್ಚಿಮಕ್ಕೆ ನಡೆಯುತ್ತಿದ್ದರು. ಘಟ್ಟ ಇಳಿದು ಕೊಂಕಣದಲ್ಲಿ ಚಳಿಗಾಲ, ಬೇಸಿಗೆ ಕಳೆದು ಮಳೆಗೆ ಮೊದಲು ತಿರುಗುತ್ತಿದ್ದರು. ಒಂದು ವರ್ಷ ಘಟ್ಟದ ನೆತ್ತಿಯಲ್ಲಿ, ಇಪ್ಪತ್ತೊಂದನೇ ಮುಕ್ಕಾಮಿನಲ್ಲಿ, ಆಯಿಗೆ ಹೆರಿಗೆಯಾಯಿತು. ಮರುದಿನ ಜ್ವರ ಬಂತು, ಮೊಲೆಯಲ್ಲಿ ಹಾಲು ಇಂಗಿತು. ಹಿಂಡು ನಿಲ್ಲುವಂತಿಲ್ಲ, ಮೇವು ಇರುವಲ್ಲಿಗೆ ಅದು ಹೋಗಲೇಬೇಕು. ಮುತ್ಯಾ ಹಿಂಡಿನ ಜೊತೆ ಘಟ್ಟ ಇಳಿದ. ತಾಯಿ ಮಗು ಇಬ್ಬರೂ ಕಾಡಿನಲ್ಲಿ ಎಮ್ಮೆ ಸಾಕಿಕೊಂಡಿದ್ದ ಗೌಳಿಗಳ ವಸ್ತಿಯಲ್ಲಿ, ಜನಾಬಾಯಿ ಎಂಬುವಳ ಗುಡಿಸಲಲ್ಲಿ ಉಳಿದರು. ಜನಾಬಾಯಿಗೆ ಎಂಟು ತಿಂಗಳ ಮಗಳಿದ್ದಳು. ಒಂದು ಮೊಲೆ ಮಗಳಿಗೆ, ಒಂದು ನಮ್ಮ ಅಪ್ಪನಿಗೆ. ಹೀಗೆ ಒಂದು ತಿಂಗಳು. ಆಮೇಲೆ ಪ್ರತಿವರ್ಷ ಹಿಂಡು ಆ ದಾರಿಯಲ್ಲಿ ಹೋದಾಗಲೂ ಜನಾಬಾಯಿ ಕೇಳುತ್ತಿದ್ದಳು, ನನ್ನ ಮಗನನ್ನು ಯಾವಾಗ ತರುತ್ತಿ ಎಂದು. ಆಯಿ ಮುಂದಿನ ವರ್ಷ ಎನ್ನುತ್ತಿದ್ದಳು. ಆದರೆ ಮಗ ಬೇಗನೆ ಜತ್ತದ ಸೋದರಮಾವನ ಮನೆ ಸೇರಿ ಸಾಲಿಗೆ ಹೋಗತೊಡಗಿದ್ದ. ಅಲ್ಲಿ ಹುಡುಗರು ಅವನನ್ನು “ದಾರ್ಯಾಗ ಹುಟ್ಟಿದಾಂವ” ಎಂದು ಕಾಡುತ್ತಿದ್ದರಂತೆ. ಸಾಲಿಯ ದಾಖಲೆಯಲ್ಲಿ ಜನ್ಮಸ್ಥಳ ಸೊರಡಿ ಎಂದು ಬರೆಸಲಾಯಿತು. ಅಪ್ಪನ ಮಟ್ಟಿಗೆ ಆ ದಾರಿ ಅಲ್ಲಿಗೆ ಮುಗಿದಿತ್ತು. ಆಯಿಯ ಮಟ್ಟಿಗೆ ಅವಳು ಕೊಟ್ಟ ಮಾತು ಹಾಗೇ ಉಳಿದಿತ್ತು. ಆ ಪ್ರಯಾಣದಲ್ಲಿ ನಮಗೆಲ್ಲ ಕಾಡುಕೋಣ ಬೇಕಿತ್ತು, ಅವಳಿಗೆ ಮಾತ್ರ ಇದು ಬೇಕಿತ್ತು.

ದೀಪಾವಳಿಯ ಬಿದಿಗೆಯಂದು ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಬೆಳಗುವ ಭಾವುಬೀಜ ಮುಗಿದ ಮರುದಿನ ಬೆಳಕು ಹರಿಯುವಾಗ ಹೊರಟೆವು. ಮುಂದೆ ಅಪ್ಪ ಮತ್ತು ಮಹಬೂಬ ಕಾಕಾ. ಹಿಂದೆ ಅವ್ವ, ಆಯಿ, ನಾನು, ನನ್ನ ತಮ್ಮ ಶಿವು, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು, ಒಂದು ನೀರಿನ ಹಂಡೆ. ಆಯಿ ಜೀಪು ಹತ್ತಿದ್ದು ಅದೇ ಮೊದಲು. ಬೆರಳಿನ ಗೆಣ್ಣು ಎಣಿಸುತ್ತ ಕುಳಿತಳು. ಅವಳ ಲೆಕ್ಕದಲ್ಲಿ ಊರುಗಳಿರಲಿಲ್ಲ, ಮುಕ್ಕಾಮುಗಳಿದ್ದವು. ಕುರಿ ಒಂದು ದಿನಕ್ಕೆ ನಡೆಯುವಷ್ಟು ನೆಲಕ್ಕೆ ಒಂದು ಮುಕ್ಕಾಮು. ಕರೇ ಕಲ್ಲಿನ ಬಾವಿ ಒಂದು, ಕುರಿ ಕೂಡಿಸಿ ಗೊಬ್ಬರ ಮಾಡಿಕೊಟ್ಟ ಗೌಡನ ಹೊಲ ಒಂದು, ಹುಣಸೆಯ ಗಿಡ ಒಂದು. ಕವಠೆ ಮಹಾಂಕಾಳ ದಾಟುವಷ್ಟರಲ್ಲಿ ಅವಳ ಎಣಿಕೆ ತಪ್ಪತೊಡಗಿತು. ಮಿರಜಿನಾಚೆ ಕೃಷ್ಣೆಯ ಸೇತುವೆ ಬಂದಾಗ ನಾವು ಇನ್ನೂ ಚಹಾ ಕುಡಿದಿರಲಿಲ್ಲ, ಅವಳ ಲೆಕ್ಕದಲ್ಲಿ ಏಳು ದಿನ ಕಳೆದಿದ್ದವು.

“ನನ್ನ ಮುಕ್ಕಾಂ ಎಲ್ಲಾ ನುಂಗಾಕತ್ತೈತಿ ನಿನ್ನ ಗಾಡಿ, ಮಹಬೂಬ.”

“ಅದಕ್ಕ ನೋಡ್ರಿ ಆಯಿ, ಇವತ್ತ ಪೆಟ್ರೋಲ್ ಕಮ್ಮಿ ಕುಡಿಯಾಕತ್ತೈತಿ. ಹೊಟ್ಟಿ ತುಂಬೈತಿ ಅದರದು.”

ಎಲ್ಲರೂ ನಕ್ಕೆವು. ಆಯಿ ನಗಲಿಲ್ಲ. ಅವಳಿಗೆ ಹೆದರಿಕೆ ಹುಟ್ಟಿದ್ದು ಆಗಲೇ ಇರಬೇಕು ಎಂದು ಈಗ ನನಗೆ ಅನ್ನಿಸುತ್ತದೆ. ಹಿಂಡುಗಳು ಡಾಂಬರು ರಸ್ತೆ ಹಿಡಿಯುತ್ತಿರಲಿಲ್ಲ. ಬದು, ಹಳ್ಳ, ಬೋಳು ಮಾಳಗಳ ಮೇಲೆ ಹೋಗುತ್ತಿದ್ದವು. ಅವಳು ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದ ನಾಡು ಅವಳ ಎರಡೂ ಬದಿಗೆ ಓಡಿಹೋಗುತ್ತಿತ್ತು. ಅದರಲ್ಲಿ ಒಂದು ಕಲ್ಲನ್ನೂ ಅವಳು ಗುರುತಿಸಲಾರದೆ ಕುಳಿತಿದ್ದಳು. ನಮಗೋ ಸಂಭ್ರಮ. ಕೊಲ್ಹಾಪುರದಾಚೆ ನೆಲವೆಲ್ಲ ಹಸಿರು, ಕಬ್ಬಿನ ಗದ್ದೆಗಳು, ರಸ್ತೆಗೆ ಹರಿದುಬಂದ ಕಾಲುವೆಯ ನೀರು. ಶಿವು ನೀರು ಕಂಡಲ್ಲೆಲ್ಲ ಕೂಗಿದ. ಕೊನೆಗೆ ಅವ್ವ, “ಸಾಕೋ, ನೀರ ಕಂಡಿಲ್ಲೇನ ಜಲ್ಮದಾಗ?” ಎಂದು ಗದರಿ, ತಾನೇ ಕತ್ತು ಹೊರಳಿಸಿ ನೋಡಿದಳು. ಆ ಸಂಜೆ ರಾಧಾನಗರಿಯ ಒಂದು ಧರ್ಮಶಾಲೆಯಲ್ಲಿ ಉಳಿದೆವು.

ಮರುದಿನ ಬೆಳಿಗ್ಗೆ ಮಂಜಿನಲ್ಲಿ ದಾಜಿಪುರದ ಕಾಡು ಹೊಕ್ಕೆವು. ಒಬ್ಬ ಕಾವಲುಗಾರ ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕಕ್ಕೆ ಕುಳಿತ. ಅಂಥ ಗಿಡಗಳನ್ನು ನಾನು ಎಂದೂ ಕಂಡಿರಲಿಲ್ಲ. ಅವುಗಳ ಮುಂದೆ ನಮ್ಮ ಸೊರಡಿಯ ಬೇವು ಒಂದು ಕೊಂಬೆಯಷ್ಟೂ ಆಗುತ್ತಿರಲಿಲ್ಲ. ಒಂದು ತಿರುವಿನಲ್ಲಿ ಕಾವಲುಗಾರ ಕೈ ಎತ್ತಿದ. ಮಹಬೂಬ ಕಾಕಾ ಇಂಜಿನು ಆರಿಸಿದ. ಹುಲ್ಲಿನ ಬಯಲಿನಲ್ಲಿ ಏಳು ಕಾಡುಕೋಣ. ಮೈ ಕಪ್ಪು, ಕಾಲಿಗೆ ಮಾತ್ರ ಬಿಳಿ ಕಾಲುಚೀಲ ಹಾಕಿದಂತೆ. ಮೂಗಿನಿಂದ ಉಗಿ ಏಳುತ್ತಿತ್ತು. ಒಂದು ದೊಡ್ಡದು ತಲೆ ಎತ್ತಿ ನಮ್ಮನ್ನು ನೋಡಿತು, ನಾವು ಲೆಕ್ಕಕ್ಕಿಲ್ಲ ಎಂಬಂತೆ ಮತ್ತೆ ಮೇಯತೊಡಗಿತು. ಮಹಬೂಬ ಕಾಕಾ ಪಿಸುಗುಟ್ಟಿದ: “ಸಾಹೇಬ್ರ, ತಪ್ಪಾತು. ಇದು ನಮ್ಮ ಓಣ್ಯಾಗ ಇಲ್ಲ.” ಅಪ್ಪನ ಕಣ್ಣಲ್ಲಿ ನೀರಿತ್ತು. ಅದು ಮಂಜಿಗೆ ಬಂದದ್ದು ಎಂದು ಆಮೇಲೆ ಹೇಳಿದ.

ಕೋಣಗಳು ಕಾಡಿನೊಳಗೆ ಸರಿದ ಮೇಲೆ ಆಯಿ ಕೇಳಿದಳು, “ಈಗ ನನ್ನ ಕೆಲಸ?”

ಕಾವಲುಗಾರ ಹೊಸಬ. ಗೌಳಿ ವಸ್ತಿಗಳು ಅಲ್ಲೊಂದು ಇಲ್ಲೊಂದು ಇವೆ, ಜನಾಬಾಯಿ ಯಾರೋ ಗೊತ್ತಿಲ್ಲ ಎಂದ. ಹೋಗುವ ದಾರಿ ಹೇಳು ಎಂದು ಅಪ್ಪ ಆಯಿಯನ್ನು ಕೇಳಿದ. ಆಯಿ ಹೇಳಿದ ಗುರುತುಗಳು ಯಾರಿಗೂ ಉಪಯೋಗಕ್ಕೆ ಬರಲಿಲ್ಲ: ಕುದುರೆಗೆ ಬಾಯಾರಿಕೆಯಾಗುವ ಏರು, ಬಿಸಿಲು ಎಡಗಿವಿಗೆ ಬೀಳುವ ಇಳಿಜಾರು. ಜೀಪು ಎರಡು ಸಲ ಒಂದೇ ತಿರುವಿಗೆ ಹೋಗಿ ಬಂತು. ಅಪ್ಪ ಗಡಿಯಾರ ನೋಡಿದ. “ಹೊಳ್ಳೂಣು ನಡೀಬೇ. ಹುಡುಗ್ರಿಗೆ ಹಸಿವ್ಯಾಗೈತಿ.”

“ಗಾಡಿ ನಿಂದರಸು, ಮಹಬೂಬ. ನಾ ನಡೀತೀನಿ.”

ಇಳಿದು ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಡೆಯತೊಡಗಿದಳು. ಮುದುಕಿಯ ನಡಿಗೆಯಲ್ಲ ಅದು, ಕುರಿಯ ನಡಿಗೆ. ನಿಲ್ಲುವುದಿಲ್ಲ, ಅವಸರವೂ ಇಲ್ಲ. ಜೀಪು ಮೊದಲ ಗೇರಿನಲ್ಲಿ ನರಳುತ್ತ ಹಿಂದೆ ಬಂತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಬಲಗೈ ತಾನಾಗಿ ಹಿಂದಕ್ಕೆ ಚಾಚಿತು. ಮುಷ್ಟಿ ಬಿಗಿದಿತ್ತು. ಶಿವು ನಕ್ಕ, ಆಯಿ ಏನು ಹಿಡಿದಾಳ ಎಂದು. ಅವ್ವ ಅವನ ಬಾಯಿ ಮುಚ್ಚಿಸಿದಳು. ಹಿಂಡಿಗಿಂತ ಮುಂಚೆ ಹೋಗಿ ನೀರು ನೆರಳು ನೋಡಿ ಮುಕ್ಕಾಮು ಹೂಡುವುದು ನಮ್ಮಲ್ಲಿ ಹೆಂಗಸರ ಕೆಲಸ. ಪಾತ್ರೆ, ಹಾಸಿಗೆ, ಕೂಸು, ಕೋಳಿ ಎಲ್ಲ ಹೇರಿದ ಕುದುರೆಯ ಹಗ್ಗ ಹಿಡಿದು ಅವರು ನಡೆಯುತ್ತಿದ್ದರು. ಇಲ್ಲದ ಆ ಹಗ್ಗವನ್ನು ಹಿಡಿದು ಆಯಿ ಏರು ಹತ್ತಿದಳು. ಒಂದು ಕಡೆ ರಸ್ತೆ ಬಿಟ್ಟು ಎಡಕ್ಕೆ, ನಮಗೆ ದಾರಿಯೇ ಕಾಣದಲ್ಲಿ, ಪೊದೆಯೊಳಗೆ ತಿರುಗಿದಳು. ಅಪ್ಪ ಜೀಪಿನಿಂದ ಜಿಗಿದ. ಬಿಳಿ ಪಾಯಿಜಾಮ ಮೇಲೆತ್ತಿಕೊಂಡು ಅವಳ ಹಿಂದೆ ನಡೆದ. ಅವನ ಹಿಂದೆ ನಾವು.

ಮೊದಲು ಒಂದು ಒರತೆ ಸಿಕ್ಕಿತು, ಅದರಾಚೆ ಮೂರು ಗುಡಿಸಲು, ಎಮ್ಮೆಗಳು. ಅಪ್ಪನ ವಯಸ್ಸಿನ ಹೆಂಗಸೊಬ್ಬಳು ಸಗಣಿಯ ಕೈಯಲ್ಲೇ ಎದ್ದು ನಿಂತು ಆಯಿಯನ್ನು ದಿಟ್ಟಿಸಿದಳು. ಅಲ್ಲಿ ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ನಾನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

“ಕುರಿ ಎಲ್ಲಿ?” ಎಂದಳು ಅವಳು.

“ಅವ್ವ ಎಲ್ಲಿ, ಸೋನಾ?” ಎಂದಳು ಆಯಿ.

ಜನಾಬಾಯಿ ಆ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಆಯಿ ಒರತೆಯ ಕಲ್ಲಿನ ಮೇಲೆ ಕುಳಿತಳು. ಅಳಲಿಲ್ಲ. ಆಮೇಲೆ ಅಪ್ಪನ ತೋಳು ಹಿಡಿದು ಮುಂದಕ್ಕೆ ತಳ್ಳಿ, “ತಂದೀನಿ ನೋಡು. ತಡಾ ಆತು,” ಎಂದಳು. ಸೋನಾಳಿಗೆ ಹೇಳಿದಳೋ, ತೀರಿದವಳಿಗೆ ಹೇಳಿದಳೋ, ನನಗೆ ತಿಳಿಯದು.

ಸೋನಾ ಕೈ ತೊಳೆದುಕೊಂಡು ಬಂದಳು. ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿದಳು. “ನನ್ನ ಪಾಲಿನ ಹಾಲು ಅರ್ಧ ಕುಡಿದವನು ನೀನೇ ಏನು? ಅದಕ್ಕೇ ನಾನು ಗಿಡ್ಡಿ ಉಳಿದೆ,” ಎಂದಳು. ಮಹಬೂಬ ಕಾಕಾ ಗಟ್ಟಿಯಾಗಿ ನಕ್ಕ. ಅಪ್ಪ ತಲೆ ಕೆಳಗೆ ಹಾಕಿದ. ಸೋನಾಳಿಗೆ ಒಡಹುಟ್ಟಿದವರಿರಲಿಲ್ಲ. ಭಾವುಬೀಜದ ಸಂಜೆ ಅಣ್ಣತಮ್ಮಂದಿರಿಲ್ಲದ ಹೆಣ್ಣುಮಕ್ಕಳು ಬಿದಿಗೆಯ ಚಂದ್ರನನ್ನೇ ಅಣ್ಣನೆಂದು ತಿಳಿದು ಆರತಿ ಬೆಳಗುವುದು ಆ ಕಡೆಯ ಪದ್ಧತಿ. ಜನಾಬಾಯಿ ಮಗಳಿಗೆ ಚಿಕ್ಕಂದಿನಿಂದ ಹೇಳಿದ್ದಳಂತೆ: ನಿನಗೆ ಪೂರ್ವದಲ್ಲಿ ಒಬ್ಬ ತಮ್ಮನಿದ್ದಾನೆ, ಅವನು ಬರುವವರೆಗೆ ಚಂದ್ರನಿಗೆ ಬೆಳಗು, ಅವನಿಗೆ ಮುಟ್ಟುತ್ತದೆ. “ಮೊನ್ನೆ ತಾನೇ ಬೆಳಗಿದೆ,” ಎಂದಳು ಸೋನಾ. “ಎರಡು ದಿನ ತಡ ಮಾಡಿದಿ. ಕುಂದ್ರು.”

ಹಾಡುಹಗಲಿನಲ್ಲೇ, ಗುಡಿಸಲ ಅಂಗಳದಲ್ಲಿ ಮಣೆ ಬಂತು. ಆರತಿಗೆ ಕುಳಿತವನ ತಲೆ ಬರಿದಾಗಿರಬಾರದು. ಅಪ್ಪನಿಗೆ ಟೊಪ್ಪಿಗೆ ಹಾಕುವ ರೂಢಿಯೇ ಇರಲಿಲ್ಲ. ಮಹಬೂಬ ಕಾಕಾ ತನ್ನ ಟೊಪ್ಪಿಗೆ ತೆಗೆದು ಅವನ ತಲೆಗಿಟ್ಟ. “ನಂದು ನಡೀತೈತ್ರಿ, ತಂಗೆವ್ವ?” ಸೋನಾ ದೀಪ ಎತ್ತುತ್ತ, “ತಲೆ ತಣ್ಣಗಿದ್ದರೆ ಸಾಕು,” ಎಂದಳು. ತಟ್ಟೆಗೆ ಏನು ಹಾಕುವುದೆಂದು ಅಪ್ಪ ಜೇಬು ತಡಕಾಡಿದ. ಅವಳು ತಟ್ಟೆ ಹಿಂದಕ್ಕೆಳೆದುಕೊಂಡಳು. “ಏನೂ ಬೇಡ. ಮುಂದಿನ ವರ್ಷ ಬಾ.” ಅಪ್ಪ, “ಬರ್ತೀನಿ, ಅಕ್ಕ,” ಎಂದ. ಅವನ ಬಾಯಿಂದ ಆ ಶಬ್ದ ಬಂದದ್ದನ್ನು ನಾವು ಯಾರೂ ಹಿಂದೆ ಕೇಳಿರಲಿಲ್ಲ. ಕೇಳುವ ಸಂದರ್ಭವೂ ಇರಲಿಲ್ಲ. ಅವನು ಆಯಿಯ ಒಬ್ಬನೇ ಮಗ.

ಆಯಿ ಮುಂದಿನ ಬೇಸಿಗೆಯಲ್ಲಿ ತೀರಿದಳು. ದೀಪಾವಳಿಗೆ ಅಪ್ಪ ಒಬ್ಬನೇ, ಚೀಲದಲ್ಲಿ ಒಂದು ಇಳಕಲ್ ಸೀರೆ ಇಟ್ಟುಕೊಂಡು, ಮೂರು ಬಸ್ಸು ಬದಲಿಸಿ ದಾಜಿಪುರಕ್ಕೆ ಹೋದ. ಮೂರನೇ ದಿನ ಸೀರೆಯೊಂದಿಗೇ ತಿರುಗಿ ಬಂದ. ಒರತೆ ಇತ್ತಂತೆ, ಒಲೆಯ ಕಲ್ಲುಗಳಿದ್ದವಂತೆ. ವಸ್ತಿ ಅಲ್ಲಿಂದ ಎದ್ದಿತ್ತು. ಎಲ್ಲಿಗೆ ಹೋದರೆಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಕೆಲವರು ಘಟ್ಟದ ಕೆಳಗೆ ಎಂದರು, ಕೆಲವರು ಪಟ್ಟಣದ ಕಡೆಗೆ ಎಂದರು. ಅವ್ವನ ಮುಂದೆ ಅವನು ಆಡಿದ್ದು ಒಂದೇ ಮಾತು: “ಮನಿ ಇಲ್ಲ ಅಲ್ಲಿ.” ಆಮೇಲೆ ಎರಡು ಸಲ ಹುಡುಕಿ ಬಂದ. ಆಮೇಲೆ ಹೋಗಲಿಲ್ಲ. ಜತ್ತದ ಪೇಟೆಯಿಂದ ಒಂದು ಬಿಳಿ ಟೊಪ್ಪಿಗೆ ಕೊಂಡು ತಂದಿದ್ದ. ವರ್ಷದಲ್ಲಿ ಒಂದೇ ಸಂಜೆ ಅದನ್ನು ಹಾಕಿಕೊಂಡು ಮಾಳಿಗೆ ಹತ್ತುತ್ತಿದ್ದ. ಬಿದಿಗೆಯ ಚಂದ್ರ ಬಹಳ ಹೊತ್ತು ನಿಲ್ಲುವುದಿಲ್ಲ. ಅದು ಮುಳುಗಿದ ಮೇಲೆ ಇಳಿದು ಬಂದು, ಕಾಲು ತೊಳೆದು, ಊಟಕ್ಕೆ ಕೂಡುತ್ತಿದ್ದ.

ಆ ಮನೆ ಈಗಿಲ್ಲ. ಮಹಬೂಬ ಕಾಕಾ ಇಲ್ಲ, ಅವ್ವ ಇಲ್ಲ. ಅಪ್ಪ ಒಂದು ಶ್ರಾವಣದಲ್ಲಿ ತೀರಿಕೊಂಡ. ಜತ್ತ, ವಳಸಂಗ, ಬಿಳೂರ, ಸೊಲ್ಲಾಪುರ, ನೆಂಟರಿದ್ದಲ್ಲೆಲ್ಲ ನಾನೂ ಶಿವುವೂ ಸುದ್ದಿ ಮುಟ್ಟಿಸಿದೆವು. ಹೆಸರು ಬರೆದುಕೊಂಡು, ಒಂದೊಂದಾಗಿ ಹೊಡೆದು ಹಾಕುತ್ತ. ಒಬ್ಬಳ ಹೆಸರು ಮಾತ್ರ ಹಾಗೇ ಉಳಿಯಿತು, ಅವಳಿಗೆ ವಿಳಾಸವಿರಲಿಲ್ಲ. ಮೂರು ತಿಂಗಳಿಗೆ ದೀಪಾವಳಿ ಬಂತು, ಭಾವುಬೀಜ ಬಂತು. ಸೋನಾ ಅತ್ತೆ ಬದುಕಿದ್ದರೆ, ಎಲ್ಲಿದ್ದರೂ, ಆ ಸಂಜೆಯೂ ಅಂಗಳಕ್ಕೆ ಬಂದು ಚಂದ್ರನಿಗೆ ದೀಪ ಎತ್ತಿರಬೇಕು.